ಚಪ್ಪಾಳೆ ತಟ್ಟದ ಬೀರಣ್ಣ

ಬೆಳಗಿನ ಮೀಟಿಂಗಿನಲ್ಲಿ ನಾವೆಲ್ಲ ಚಪ್ಪಾಳೆ ತಟ್ಟುವಾಗ ಬೀರಣ್ಣನೊಬ್ಬ ಕೈ ಹಿಂದೆ ಕಟ್ಟಿಕೊಂಡು, ಹಳಸಿದ ಸಾರು ಮೂಸಿದವನಂತೆ ಮುಖ ಮಾಡಿ ನಿಲ್ಲುತ್ತಿದ್ದ. ಮುದ್ದೇಬಿಹಾಳದಲ್ಲಿ ಕೀಟನಾಶಕ ಮಾರುವ ಕಂಪನಿಯೊಂದರ ಆಫೀಸು ನಮ್ಮದು. ಎಂಟು ಜನ ಹುಡುಗರು. ದಿನಾ ಎಂಟೂವರೆಗೆ ಮ್ಯಾನೇಜರು ನಮ್ಮನ್ನು ಸಾಲಾಗಿ ನಿಲ್ಲಿಸಿ "ಮನಸ್ಸು ಹೆಂಗೈತ್ರಪಾ?" ಎಂದು ಕೂಗುತ್ತಿದ್ದರು. ನಾವು "ಭಾರೀ ಐತ್ರಿ!" ಎಂದು ಚಪ್ಪಾಳೆ ಹೊಡೆಯಬೇಕು. ಇದಕ್ಕೆ ಮೋಟಿವೇಶನ್ ಎಂದು ಹೆಸರು. ಅದು ಮುಗಿದದ್ದೇ ಟಾರ್ಗೆಟ್ ಮುಟ್ಟದವರಿಗೆ ಬೈಗುಳ ಶುರು.

"ಮನಸ್ಸು ಖರೇನ ಚಲೋ ಇದ್ದವ ಹಿಂಗ ಒದರತಾನೇನೋ ತಮ್ಮಾ?" ಎನ್ನುತ್ತಿದ್ದ ಬೀರಣ್ಣ, ಗಾಡಿಗೆ ಕಿಕ್ ಹೊಡೆಯುತ್ತ. ನನಗಿಂತ ನಾಲ್ಕು ವರ್ಷ ದೊಡ್ಡವನು. ಕೆಲಸ ಕಲಿಯಲೆಂದು ನನ್ನನ್ನು ಅವನ ಜೊತೆ ಹಾಕಿದ್ದರು.

ಒಮ್ಮೆ ಗೊಳಸಂಗಿಯ ಹೊಲದಲ್ಲಿ ರೈತ ಗುರಪ್ಪ ಕಾಕಾ, "ತೊಗರಿಗೆ ಕೀಡಿ ಬಿದ್ದಾವ್ರಿ, ಯಾವ ಎಣ್ಣಿ ಹೊಡೀಲಿ?" ಎಂದು ಕೇಳಿದರು. ನಮ್ಮ ಕಡೆ ಕೀಟನಾಶಕಕ್ಕೆ ಎಣ್ಣೆ ಎಂದೇ ಹೆಸರು. ಬೀರಣ್ಣ ಬಾಟಲಿಯ ಚೀಲ ಬಿಚ್ಚಲೇ ಇಲ್ಲ. ಗಿಡದ ಬುಡಕ್ಕೆ ಚಾದರ ಹಾಸಿ, ಗಿಡ ಹಿಡಿದು ಜಾಡಿಸಿದ. ಹೊಲದ ನಾಲ್ಕು ಕಡೆ ಹೀಗೆ ಮಾಡಿದರೂ ಬಿದ್ದದ್ದು ಎರಡೇ ಹುಳು. "ಇಷ್ಟಕ್ಕ ಎಣ್ಣಿ ಬ್ಯಾಡ್ರಿ ಕಾಕಾ. ಎಂಟ ದಿನ ಬಿಟ್ಟು ಮತ್ತ ಹಿಂಗ ಜಾಡಿಸಿ ನೋಡ್ರಿ," ಎಂದ. ಆಗ ಅವನ ಮುಖ ನೋಡಬೇಕಿತ್ತು. ಸಂಬಳಕ್ಕೆ ದುಡಿಯುವವರ ಮುಖದಲ್ಲಿ ಅಂಥ ತೃಪ್ತಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅದೇ ವಾರ ಮ್ಯಾನೇಜರು ಎಲ್ಲರೆದುರು ನನ್ನನ್ನು ಮುಂದೆ ಕರೆದು, "ಗೊಳಸಂಗಿಯೊಳಗ ಮಾಲ್ ಯಾಕ ಹೋಗವಲ್ದು?" ಎಂದರು. ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. "ಬೀರಣ್ಣ ರೈತರಿಗೆ ಎಣ್ಣಿ ಬ್ಯಾಡಂತಾನ್ರಿ ಸರ್," ಎಂದುಬಿಟ್ಟೆ. ನನ್ನ ಪ್ರಾಮಾಣಿಕತೆಗೆ ಚಪ್ಪಾಳೆ ಹೊಡೆಸಿದರು. ಮಧ್ಯಾಹ್ನದೊಳಗೆ ಬೀರಣ್ಣನ ಕೆಲಸ ಹೋಯಿತು. ಅವನು ನನಗೆ ಒಂದು ಮಾತೂ ಬೈಯಲಿಲ್ಲ.

ಗೊಳಸಂಗಿ ನನ್ನ ಪಾಲಿಗೆ ಬಂತು. ಗುರಪ್ಪ ಕಾಕಾ ನನ್ನೆದುರೇ ಚಾದರ ಹಾಸಿ ಜಾಡಿಸಿದರು. ಆಗಲೂ ಎರಡೇ ಹುಳು. "ಎಣ್ಣಿ ಬ್ಯಾಡ ಅಲ್ರಿ ಸಾಹೇಬ್ರ?" ಎಂದು ನಂಬಿಕೆಯಿಂದ ಕೇಳಿದರು. "ಹೊಡೀಬೇಕ್ರಿ," ಎಂದು ನಾಲ್ಕು ಬಾಟಲಿ ಕೊಟ್ಟು ಬಂದೆ.

ತಿಂಗಳ ಮೇಲೆ ಬೀರಣ್ಣ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ. ಸೊಲ್ಲಾಪುರದ ಗೋದಾಮಿನಲ್ಲಿ ಕೆಲಸ ಹಿಡಿದು ಹೊರಟಿದ್ದ. ನಾನು ತಲೆ ತಗ್ಗಿಸಿ ನಿಂತರೆ ಅವನು ಕೇಳಿದ್ದು ಬೇರೆಯೇ.

"ಕಾಕಾ ಮತ್ತ ಜಾಡಿಸಿ ನೋಡಿದ್ರೇನೋ?"

"ನೋಡಿದ್ರಣ್ಣ. ಎರಡ ಬಿದ್ವು."

"ಹಂಗಾರ ಕಾಕಾನ ಎಣ್ಣಿ ರೊಕ್ಕ ಉಳೀತು!" ಎಂದ. ಹೊಲದಲ್ಲಿ ಕಂಡಿದ್ದ ಅದೇ ಮುಖ.

"ಹೂನಣ್ಣ, ಉಳೀತು," ಎಂದೆ. ಅವನು ನನ್ನ ಬೆನ್ನು ತಟ್ಟಿ ಬಸ್ಸು ಹತ್ತಿದ. ಮತ್ತೆ ಭೇಟಿಯಾಗಿಲ್ಲ.

ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಆದರೂ ಮರುದಿನ ಎಂಟೂವರೆಗೆ ಸಾಲಿನಲ್ಲಿ ನಿಂತು, "ಭಾರೀ ಐತ್ರಿ!" ಎಂದು ಎಲ್ಲರಿಗಿಂತ ಜೋರಾಗಿ ಕೂಗಿದೆ.