ತಳದ ಕಿತ್ತಳೆ ಬಣ್ಣ

ಬ್ಯಾಡಗಿಯಲ್ಲಿ ನಮ್ಮ ಮೆಣಸಿನಕಾಯಿ ಲಾರಿಗೆ ಬಣ್ಣ ಹಚ್ಚುತ್ತಿದ್ದ ಪೇಂಟರ್, ಮೊದಲು ಮುಂಬಯಿಯಲ್ಲಿ ರೇಸಿನ ಮೋಟಾರು ದೋಣಿಗಳಿಗೆ ಬಣ್ಣ ಹಚ್ಚಿದವನು. ಹಳದಿ ಮೈ, ಕಪ್ಪು ಮೂತಿ, ಪಕ್ಕಕ್ಕೆ ಕೆಂಪು ಮಿಂಚು; ಆ ದೋಣಿಗಳ ಬಣ್ಣವನ್ನೇ ನಮ್ಮ ಲಾರಿಗೂ ತಂದಿದ್ದ. “ದೂರಿಂದ ಗುರುತು ಸಿಗಬೇಕ್ರಿ” ಎನ್ನುತ್ತ ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ.

ಕೊನೆಗೆ ಲಾರಿಯ ಅಡಿಗೆ ತೆವಳಿ ತಳಕ್ಕೆಲ್ಲ ಕಿತ್ತಳೆ ಬಣ್ಣ ಬಳಿಯುತ್ತಿದ್ದ.

“ಅದನ್ನ ಯಾರ ನೋಡ್ತಾರೋ?” ಎಂದು ನಾನೊಮ್ಮೆ ನಕ್ಕೆ.

“ಪಲ್ಟಿ ಆದಾಗ ನೋಡ್ತಾರ್ರಿ. ನನ್ನ ತಮ್ಮ ರೇಸಿನ್ಯಾಗ ದೋಣಿ ಓಡಸ್ತಿದ್ದ. ಸಮುದ್ರಕ್ಕ ಒಪ್ಪತೈತಿ ಅಂತ ಅವನ ದೋಣಿ ತಳಕ್ಕ ನಾನ ನೀಲಿ ಹಚ್ಚಿದ್ದೆ. ಅದು ಮಗುಚಿ ಬಿತ್ತು. ಹುಡುಕಾಕ ಹೋದವರಿಗೆ ಕಾಣಲೇ ಇಲ್ಲ. ಬ್ಯಾರೆ ಬಣ್ಣ ಇದ್ರೂ ಸಿಗ್ತಿದ್ದಿಲ್ಲ ಅಂತಾರ್ರಿ ಎಲ್ಲಾರೂ.”

ಒಂದು ಮಳೆಗಾಲ ನಮ್ಮ ಲಾರಿ ಮೋಟೆಬೆನ್ನೂರಿನ ಹತ್ತಿರ ಹೆದ್ದಾರಿಯಿಂದ ಜಾರಿ, ತಗ್ಗಿನಲ್ಲಿ ತಳ ಮೇಲಾಗಿ ಬಿತ್ತು. ಮಳೆಯ ಮಬ್ಬಿನಲ್ಲೂ ಆ ಕಿತ್ತಳೆ ಕಂಡು ಜನ ಓಡಿಬಂದರು, ಡ್ರೈವರ್ ಬದುಕಿದ. ಸುದ್ದಿ ಹೇಳಲು ನಾನು ಖುಷಿಯಿಂದ ಪೇಂಟರನ ಹತ್ತಿರ ಹೋದೆ.

“ನಿನ್ನ ಬಣ್ಣ ಜೀವಾ ಉಳಿಸ್ತು ನೋಡಪಾ!”

ಅವನು ಕೈಯಲ್ಲಿದ್ದ ಬ್ರಷ್ಷನ್ನು ಮೆಲ್ಲಗೆ ನೆಲಕ್ಕಿಟ್ಟ.

“ಹಂಗಾದ್ರ ನನ್ನ ತಮ್ಮನೂ ಸಿಗ್ತಿದ್ದ, ಖರೇ” ಎಂದ.