ಸೋಮವಾರ ಹೂಡದ ಗಾಡಿ

ನನ್ನ ಯಜಮಾನರು ತೀರಿಕೊಂಡದ್ದು ಒಂದು ಭಾನುವಾರ ಸಂಜೆ. ಮಣ್ಣು ಮರುದಿನ, ಅವರ ಹುಟ್ಟೂರು ಮುಗದದ ಹೊಲದಲ್ಲಿ, ಮಾವನವರ ಸಮಾಧಿಯ ಪಕ್ಕದಲ್ಲಿ ಎಂದು ತೀರ್ಮಾನವಾಯಿತು. ಅದರ ಬಗ್ಗೆ ಯಾರದೂ ಎರಡು ಮಾತಿರಲಿಲ್ಲ. ಮಾತು ಬಂದದ್ದು ಅಮರಗೋಳದ ನಮ್ಮ ಮನೆಯಿಂದ ಅಲ್ಲಿಯವರೆಗೆ ಅವರನ್ನು ಯಾವುದರಲ್ಲಿ ಕರೆದೊಯ್ಯುವುದು ಎಂಬುದಕ್ಕೆ.

ಮೈದುನ ಆಗಲೇ ಒಂದು ತೆರೆದ ಟೆಂಪೊ ಗೊತ್ತು ಮಾಡಿದ್ದ. ಸೋಮವಾರ ಮುಂಜಾನೆ ನಾನು ಅವನನ್ನು ಹತ್ತಿರ ಕರೆದು, "ಟೆಂಪೊ ಬ್ಯಾಡಪಾ. ನಮ್ಮ ಹಳೇ ಗಾಡ್ಯಾಗ ಹೋಗ್ಲಿ," ಎಂದೆ.

ಅವನು ನನ್ನ ಮುಖ ನೋಡಿದ. ಆಮೇಲೆ, ತೀರಿಕೊಂಡ ಮಗನ ಪಕ್ಕದಲ್ಲಿ ಗೋಡೆಗೆ ಒರಗಿ ಕುಳಿತಿದ್ದ ತಾಯಿಯ ಕಡೆ ನೋಡಿದ. "ವೈನಿ, ಇವತ್ತ ಸೋಮವಾರರಿ," ಎಂದ, ಬಹಳ ಸಣ್ಣ ದನಿಯಲ್ಲಿ.

ಹೊರಗಿನವರಿಗೆ ಇದು ಅರ್ಥವಾಗುವ ಮಾತಲ್ಲ. ಅದಕ್ಕೆ ನಮ್ಮ ಗಾಡಿಗಳ ವಿಷಯ ಸ್ವಲ್ಪ ಹೇಳಬೇಕು.

ನನ್ನ ಗಂಡನ ಮನೆತನದವರು ಲಾರಿ ಇಡುವ ಮೊದಲು ಎತ್ತಿನ ಬಂಡಿ ಹೂಡುತ್ತಿದ್ದರು. ಸುತ್ತಲಿನ ಹಳ್ಳಿಗಳಿಂದ ಹತ್ತಿಯ ಅರಳಿ ಹೇರಿಕೊಂಡು ಹುಬ್ಬಳ್ಳಿಗೆ ಬರುವುದು ಅವರ ಉದ್ಯೋಗ. ಮಾವನವರು ಎತ್ತು ಮಾರಿ ಮೊದಲನೆಯ ಲಾರಿ ತಂದ ದಿನ ಅತ್ತೆ ಊಟ ಮಾಡಲಿಲ್ಲವಂತೆ. ಎತ್ತು ಮೇಯುತ್ತಿದ್ದ ಖಾಲಿ ಗ್ವಾದಲಿಯ ಮುಂದೆ ಕುಳಿತುಬಿಟ್ಟರಂತೆ. ಮಾವನವರು ಸಮಾಧಾನ ಮಾಡಿ ಮಾಡಿ ಸಾಕಾಗಿ, "ಎತ್ತು ಎಲ್ಲೂ ಹೋಗಿಲ್ಲ. ಇದೂ ಎತ್ತ. ಅವಕ್ಕ ಏನೇನ್ ಮಾಡ್ತಿದ್ದಿ ಇದಕ್ಕೂ ಮಾಡು," ಎಂದುಬಿಟ್ಟರು. ಆಗ ಉಣ್ಣಲಿ ಎಂದು ಹೇಳಿದ ಮಾತು ಅದು. ಅತ್ತೆ ಮಾತ್ರ ಅದನ್ನು ಗಟ್ಟಿಯಾಗಿ ಹಿಡಿದುಕೊಂಡರು.

ನಮ್ಮ ಕಡೆ ಸೋಮವಾರ ಬಸವಣ್ಣನ ವಾರ. ಅಂದು ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಹಾಗಾಗಿ ನಮ್ಮ ಲಾರಿಗಳೂ ಸೋಮವಾರ ಹೊರಗೆ ಬೀಳುತ್ತಿರಲಿಲ್ಲ. ನಮ್ಮ ಮನೆಯ ಮಾತಿನಲ್ಲಿ ಲಾರಿಯನ್ನು ಚಾಲೂ ಮಾಡುವುದು ಎಂದಿಲ್ಲ, ಹೂಡುವುದು ಎಂದೇ ಇತ್ತು. ಸಂಜೆ ಬಂದು ನಿಂತಿತೆಂದರೆ, ನೊಗದಿಂದ ಎತ್ತು ಬಿಚ್ಚಿದಾಗ ಹೇಳುವಂತೆ, ಕೊಳ್ಳ ಹರಿಯಿತು ಎನ್ನುತ್ತಿದ್ದರು.

ಮಾರ್ಕೆಟ್ಟಿನಲ್ಲಿ ಇದು ದೊಡ್ಡ ಚೇಷ್ಟೆಯ ವಿಷಯ. ಒಬ್ಬ ದಲಾಲರು ಸೋಮವಾರ ಬಂತೆಂದರೆ ನಮ್ಮ ಗೇಟಿನ ಮುಂದೆ ಬೇಕೆಂದೇ ನಿಂತು, "ಏನ್ರಿ ಸಾವಕಾರ್ರ, ನಿಮ್ಮ ಲಾರಿಗೋಳ್ದು ಇವತ್ತ ಉಪಾಸೇನ್ರಿ?" ಎಂದು ಕೂಗುತ್ತಿದ್ದರು.

"ಹೌದ್ರಿ," ಎನ್ನುತ್ತಿದ್ದರು ಮಾವನವರು. "ನೀವೂ ನಿಮ್ಮ ನಾಲಿಗಿಗೆ ವಾರಕ್ಕೊಂದಿನ ರಜಾ ಕೊಟ್ಟು ನೋಡ್ರಿ. ಭಾಳ ದಿನಾ ಬಾಳ್ತೈತಿ."

ನಾನು ಸೊಸೆಯಾಗಿ ಬಂದ ವರ್ಷದ ಕಾರಹುಣ್ಣಿಮೆ ನನಗೆ ಚೆನ್ನಾಗಿ ನೆನಪಿದೆ. ಆಗ ನಮ್ಮಲ್ಲಿ ಮೂರು ಗಾಡಿ. ಮೂರಕ್ಕೂ ಉದ್ದ ಮೂತಿ, ಒಳಗೆ ಕಟ್ಟಿಗೆಯ ಕ್ಯಾಬಿನ್ನು, ಗುಂಡಗಿನ ದೊಡ್ಡ ದೀಪ. ಎತ್ತಿನ ಕೊಂಬಿಗೆ ಬಳಿಯುವ ಬಣ್ಣವನ್ನೇ ಅವುಗಳ ಬಂಪರಿಗೆ ಬಳಿದರು. ಮೂತಿಗೆ ಗೊಂಡೆ ಕಟ್ಟಿದರು. ಹೋಳಿಗೆಯ ನೈವೇದ್ಯವಾಯಿತು. ಹಬ್ಬದ ದಿನ ಎತ್ತಿಗೆ ಬಿದಿರಿನ ಗೊಟ್ಟದಿಂದ ಎಣ್ಣೆ ಕುಡಿಸುವುದು ರೂಢಿ. ಅತ್ತೆ ಕುಸುಬಿ ಎಣ್ಣೆಯ ಗೊಟ್ಟ ಹಿಡಿದುಕೊಂಡು ಬಂದು, "ಇದರ ಬಾಯಿ ಎಲ್ಲೈತಿ?" ಎಂದು ಕೇಳಿದರು. ಎಲ್ಲರೂ ನಕ್ಕರು. ನನ್ನ ಯಜಮಾನರು ಮಾತ್ರ ನಗದೆ ಬಾನೆಟ್ಟು ಎತ್ತಿ, ಇಂಜಿನ್ನಿಗೆ ಎಣ್ಣೆ ಹಾಕುವ ಬಾಯಿಯ ಮುಚ್ಚಳ ತೆಗೆದು ತೋರಿಸಿದರು. ತಾಯಿ ಬೊಗಸೆಯಷ್ಟು ಹಾಕುತ್ತಾರೆ ಎಂದು ಇವರು ಅಂದುಕೊಂಡಿದ್ದರಂತೆ. ಅತ್ತೆ ಗೊಟ್ಟ ಪೂರ್ತಿ ಬಗ್ಗಿಸಿದರು.

ಮರುದಿನ ಗಾಡಿ ಧಾರವಾಡದ ಹಾದಿ ಹಿಡಿದಾಗ ಹಿಂದೆ ನೀಲಿ ಹೊಗೆ. ಅದು ಹೋದಲ್ಲೆಲ್ಲ ಭಜಿ ಕರಿದ ವಾಸನೆ. ನವಲೂರಿನ ಹತ್ತಿರ ಒಬ್ಬರು ಕೈ ಮಾಡಿ ನಿಲ್ಲಿಸಿ, "ಡ್ರೈವರ್ರ, ಒಂದು ಪ್ಲೇಟ್ ಕೊಡ್ರಿ," ಎಂದರಂತೆ. ಸಂಜೆ ಬಂದು ಇವರು ಇದನ್ನು ಹೇಳಿದಾಗ ಅತ್ತೆ ಸಿಟ್ಟಾದರು. "ನಿನಗ ಗೊತ್ತಿತ್ತಲ್ಲ, ಹೇಳಬೇಕೋ ಬ್ಯಾಡೋ?" ಎಂದರು.

"ನೀ ಅಷ್ಟು ಪ್ರೀತೀಲೆ ಹಾಕಾಕತ್ತಿದ್ದಿ. ಹೆಂಗ ಹೇಳ್ಲಿ?" ಎಂದರು ಇವರು. ನಂತರ ಇಂಜಿನ್ನು ಬಿಚ್ಚಿ ಎಲ್ಲ ತೊಳೆಯಲು ಇವರಿಗೆ ಒಂದು ವಾರ ಹಿಡಿಯಿತು. ಅತ್ತೆಯ ಕಿವಿಗೆ ಬೀಳದ ಹಾಗೆ, ಮನೆಯ ಹಿಂದೆ ಕುಳಿತು ತೊಳೆದರು.

ಈ ಮನೆಗೆ ನಾನು ಬಂದದ್ದೂ ಆ ಮೂತಿ ಗಾಡಿಯಲ್ಲೇ. ಮದುವೆಯ ದಿಬ್ಬಣವೆಲ್ಲ ಹಿಂದೆ, ನಾನು ಕ್ಯಾಬಿನ್ನಿನಲ್ಲಿ. ಡ್ರೈವರು ಮದುವೆಯ ಊಟ ಹೊಡೆದು ಯಾವುದೋ ಜಗಲಿಯ ಮೇಲೆ ಮಲಗಿದವನು ಎಬ್ಬಿಸಿದರೂ ಏಳಲಿಲ್ಲ. ಕೊನೆಗೆ ಮದುಮಗನೇ ಗಾಡಿ ಹತ್ತಿದರು. ಕಣ್ಣಿಗೆ ಅಡ್ಡ ಬರುತ್ತದೆಂದು ಬಾಸಿಂಗ ಬಿಚ್ಚಿ ನನ್ನ ಮಡಿಲಲ್ಲಿ ಇಟ್ಟರು. ಊರು ದಾಟುವವರೆಗೂ ಮಾತಿಲ್ಲ. ಆಮೇಲೆ ಗಂಟಲು ಸರಿ ಮಾಡಿಕೊಂಡು, "ಮೊಣಕಾಲು ಒಂದೀಟು ಆಕಡೆ ಸರಸು. ಗೇರ್ ಹಾಕಬೇಕು," ಎಂದರು. ನನ್ನ ಗಂಡ ನನ್ನೊಡನೆ ಆಡಿದ ಮೊದಲನೆಯ ಮಾತು ಅದು. ನನ್ನ ಗೆಳತಿಯರಿಗೆ ಇದನ್ನು ಹೇಳಲು ನನಗೆ ಬಹಳ ವರ್ಷ ನಾಚಿಕೆಯಾಗುತ್ತಿತ್ತು.

ಗಾಡಿಯವರ ಮನೆಯ ಸಂಸಾರ ಎಂದರೆ ಕಾಯುವುದು. ಹಾಸಿಗೆಯಲ್ಲಿ ಇರುವಾಗಲೇ ಅಂಗಳದಲ್ಲಿ ಇಂಜಿನ್ನಿನ ಸದ್ದು ಏಳುತ್ತಿತ್ತು. ಮೊದಲು ಎರಡು ಸಲ ಕೆಮ್ಮಿ, ಆಮೇಲೆ ಕಿಟಕಿಯ ಗಾಜು ನಡುಗಿಸಿ, ಕೊನೆಗೆ ಹದಕ್ಕೆ ಬರುತ್ತಿತ್ತು. ಆ ಸದ್ದು ಎದ್ದಿತೆಂದರೆ ಅವರು ಹೊರಟರು ಎಂದೇ ಅರ್ಥ. ಗದಗ, ಕೊಪ್ಪಳ, ಕೊಲ್ಲಾಪುರ, ಎಲ್ಲಿಗೆ ಎಂದು ನಾನು ಕೇಳುತ್ತಿರಲಿಲ್ಲ, ಹೊರಟವರನ್ನು ಕೇಳಬಾರದು ಎಂದು ಅತ್ತೆ ಕಲಿಸಿದ್ದರು. ಬಂದಾಗ ಅಂಗಿಯ ವಾಸನೆಯಿಂದ ತಿಳಿದುಕೊಳ್ಳುತ್ತಿದ್ದೆ. ಬ್ಯಾಡಗಿಯ ಕಡೆಯಿಂದ ಮೆಣಸಿನಕಾಯಿ ತಂದ ದಿನವಂತೂ ಅವರು ಹೊಸ್ತಿಲು ದಾಟುವ ಮೊದಲೇ ಮನೆಯೆಲ್ಲ ಸೀನುತ್ತಿತ್ತು.

ಸೋಮವಾರ ಮಾತ್ರ ಆ ಸದ್ದು ಇರುತ್ತಿರಲಿಲ್ಲ. ಎಷ್ಟು ದೂರ ಹೋಗಿದ್ದರೂ ಭಾನುವಾರ ಸಂಜೆಗೆ ಮನೆ ಮುಟ್ಟಲೇಬೇಕು. ಸೋಮವಾರ ಎದ್ದರೆ ಅವರು ಪಕ್ಕದಲ್ಲೇ ಇರುತ್ತಿದ್ದರು. ತಲೆಗೆ ಎಣ್ಣೆ ಹಚ್ಚಿಸಿಕೊಂಡು, ಬಿಸಿಲಿಗೆ ಬೆನ್ನು ಕೊಟ್ಟು ಕುಳಿತು, ನಾನು ಕಾಳು ಆರಿಸುವಾಗ ತಾವೂ ಮೊರಕ್ಕೆ ಕೈ ಹಾಕುತ್ತಿದ್ದರು. ದಾರಿಯ ಸುದ್ದಿ ಹೇಳುತ್ತಿದ್ದರು. ಹೇಳುತ್ತ ಹೇಳುತ್ತ, ಕಥೆಯಲ್ಲಿ ಗಾಡಿಗೆ ತಿರುವು ಬಂದರೆ ತಾವೂ ಆ ಕಡೆ ವಾಲುತ್ತಿದ್ದರು.

ಮಗಳ ಜಡೆ ಹಾಕುವ ಕೆಲಸವೂ ಸೋಮವಾರ ಅವರದೇ. ಲಾರಿಯ ಹೇರಿಗೆ ಹೊದಿಸುವ ತಾಡಪತ್ರಿಗೆ ಹಗ್ಗ ಬಿಗಿದು ಬಿಗಿದು ರೂಢಿಯಾದ ಕೈ. ರಿಬ್ಬನ್ನಿಗೂ ಅದೇ ಗಂಟು ಹಾಕುತ್ತಿದ್ದರು. ಸಾಲಿಯಿಂದ ಬಂದ ಮಗಳ ಜಡೆ ಬಿಚ್ಚಲು ನನಗೆ ಆಗುತ್ತಿರಲಿಲ್ಲ. "ಅಪ್ಪ ಹಾಕಿದ್ದು ಅಪ್ಪನ ಬಿಚ್ಚಲಿ," ಎಂದು ಅವಳು ಆ ಜಡೆಯಲ್ಲೇ ಮಲಗುತ್ತಿದ್ದಳು. ಮಂಗಳವಾರ ಅವರು ಹೊರಡುವ ಮೊದಲು ಅವಳ ಹಾಸಿಗೆಯ ಬಳಿ ಕುಳಿತು ಬಿಚ್ಚಿ ಹೋಗುತ್ತಿದ್ದರು.

ಕಾಲ ಬದಲಾಯಿತು. ಮಾವನವರು ಹೋದ ಮೇಲೆ ಕಂಪನಿಯ ಜವಾಬ್ದಾರಿ ಮೈದುನ ತೆಗೆದುಕೊಂಡ. ಹೊಸ ಗಾಡಿಗಳು ಬಂದವು. ತಾರಿಹಾಳದ ಕಾರಖಾನೆಗಳ ಮಾಲು, ದಿನ ತಪ್ಪುವ ಹಾಗಿಲ್ಲ. ಅವು ಸೋಮವಾರವೂ ಓಡುತ್ತವೆ. ಅತ್ತೆ ಅದಕ್ಕೆ ಬೇಡ ಎನ್ನಲಿಲ್ಲ. "ಅವು ನನ್ನ ಕೈಯಾಗ ಎಣ್ಣಿ ಕುಡದಿಲ್ಲ ಬಿಡು," ಎಂದರು ಅಷ್ಟೆ. ಮೂತಿ ಗಾಡಿಗಳಲ್ಲಿ ಎರಡು ಮೋಡಿಗೆ, ಅಂದರೆ ಗುಜರಿಗೆ, ಹೋದವು. ಮೂರನೆಯದನ್ನು ಇವರು ಬಿಡಲಿಲ್ಲ. ಅದಕ್ಕೆ ದುಡಿಮೆ ಏನೂ ಇರಲಿಲ್ಲ. ಒಮ್ಮೊಮ್ಮೆ ಮುಗದದ ಹೊಲದಿಂದ ಮೇವು ತರುವುದು, ಹಮಾಲರ ಮನೆಯ ಮದುವೆಗೆ ಸಾಮಾನು ಸಾಗಿಸುವುದು, ಅಷ್ಟೆ. ಆದರೂ ದಿನಾ ಮುಂಜಾನೆ ಅದನ್ನು ಒರೆಸಿ, ಹೂಡಿ, ತಲೆ ಒಂದು ಕಡೆ ವಾಲಿಸಿ ಅದರ ಸದ್ದು ಕೇಳಿ, ಬಂದ್ ಮಾಡಿ ಬರುತ್ತಿದ್ದರು. ಸೋಮವಾರ ಬಿಟ್ಟು.

"ಅಣ್ಣಾ, ಅದಕ್ಕ ಪಿಂಚಣಿ ಕೊಡೂದೊಂದು ಬಾಕಿ ಐತಿ," ಎಂದು ಮೈದುನ ಕಾಡುತ್ತಿದ್ದ.

"ಅದು ದುಡದು ಹಾಕಿದ್ದಕ್ಕ ನೀ ಕಾಲೇಜು ಕಂಡಿ. ಬಾಯಿ ಮುಚ್ಚಿಕೊಂಡು ಆ ಬಟ್ಟಿ ಕೊಡು ಇಲ್ಲೆ," ಎನ್ನುತ್ತಿದ್ದರು ಇವರು.

ಈ ಗಾಡಿಯಲ್ಲಿ ಅವರು ಕೊನೆಯ ಸಲ ಊರಿಗೆ ಹೋಗಲಿ ಎಂದು ನಾನು ಕೇಳಿದ್ದು. ಕೇಳಿದ ದಿನ ಸೋಮವಾರ.

ವಿಷಯ ಅತ್ತೆಯ ಕಿವಿಗೆ ಬಿತ್ತು. ಮಣ್ಣಿಗೆ ಬಂದ ಜನ ಅವರ ಕಡೆ ತಿರುಗಿದರು. ಹಣೆಗೆ ವಿಭೂತಿ ಬಳಿದು ಕೂಡಿಸಿದ್ದ ಮಗನ ಕೈಯ ಮೇಲೆ ಅತ್ತೆಯ ಕೈ ಇತ್ತು. ಆಮೇಲೆ, "ನನ್ನ ಎಬ್ಬಸ್ರಿ," ಎಂದರು. ಮಗಳು ಒಂದು ಕಡೆ, ನಾನು ಒಂದು ಕಡೆ ಹಿಡಿದು ಅಂಗಳಕ್ಕೆ ಕರೆದುಕೊಂಡು ಹೋದೆವು. ಅವರು ಗಾಡಿಯ ಮೂತಿಯ ಮೇಲೆ ಕೈಯಾಡಿಸಿದರು, ಎತ್ತಿನ ಕೊರಳಿನ ಗಂಗೆದೊಗಲು ಸವರುವ ಹಾಗೆ.

"ಸೋಮವಾರ ಹೇರು ಹೇರಬಾರದು ಅಂತ ಇತ್ತು. ನನ್ನ ಮಗಾ ಹೇರು ಅಲ್ಲ. ತಗೀರಿ ಗಾಡಿ," ಎಂದರು. "ಬಸವಣ್ಣ ಕೇಳಿದ್ರ ನಾ ಹೇಳಿಕೊಳ್ತೇನಿ. ನಾನೂ ಇನ್ನ ಭಾಳ ದೂರ ಏನಿಲ್ಲ."

ಹಳೆಯ ಹಮಾಲರು ಕಣ್ಣೊರೆಸಿಕೊಂಡು ಕೆಲಸಕ್ಕೆ ನಿಂತರು. ಹಿಂದಿನ ಹಲಗೆ ಇಳಿಸಿದರು. ಹುಲ್ಲು ಹಾಸಿ ಮೇಲೆ ಜಮಖಾನ ಹಾಸಿದರು. ಒಬ್ಬರು ರೇಡಿಯೇಟರಿಗೆ ನೀರು ಹಾಕಿದರು. ಮೈದುನ ಹತ್ತಿ ಕುಳಿತು, ಅಣ್ಣನ ಸೀಟು ತನಗೆ ಸರಿಹೋಗದೆ ಅತ್ತಿತ್ತ ಸರಿದಾಡಿ, ಕೀಲಿ ಹಾಕಿದ.

ನಾನು ಕೇಳಿದ್ದು ನನಗೆ ಸಿಕ್ಕಿತ್ತು. ಇನ್ನೊಂದು ಕ್ಷಣಕ್ಕೆ ಆ ಸದ್ದು ಏಳುತ್ತದೆ, ಮೊದಲು ಎರಡು ಸಲ ಕೆಮ್ಮುತ್ತದೆ, ಆಮೇಲೆ ಗಾಜು ನಡುಗುತ್ತದೆ ಎಂದು ನನ್ನ ಮೈಗೆ ಗೊತ್ತಿತ್ತು. ನಲವತ್ತಕ್ಕೂ ಹೆಚ್ಚು ವರ್ಷದ ಸಂಸಾರದಲ್ಲಿ ಆ ಸದ್ದು ಅವರನ್ನು ಎಷ್ಟು ಸಲ ಒಯ್ದಿರಬಹುದು. ಸೋಮವಾರ ಮಾತ್ರ ಒಯ್ದಿರಲಿಲ್ಲ, ಒಮ್ಮೆಯೂ.

"ಬ್ಯಾಡ," ಎಂದೆ. "ಹೂಡಬ್ಯಾಡಪಾ. ಇಳಿ."

ಮೈದುನ ಕಿಟಕಿಯಿಂದ ತಲೆ ಹೊರಗೆ ಹಾಕಿದ. "ವೈನಿ, ನೀವ ಹೇಳಿದ್ರೆಲ್ರಿ."

"ನಾನ ಹೇಳಿದ್ದು. ಈಗ ಬ್ಯಾಡ ಅನ್ನಾಕತ್ತೇನಿ. ಇವತ್ತ ಅದರ ಸಪ್ಪಳ ನನಗ ಕೇಳೂದಾಗಂಗಿಲ್ಲ."

ಹಿರಿಯರೊಬ್ಬರು, "ಏನವಾ ಇದು, ಒಮ್ಮೆ ಹೂಂ ಅಂತೀ, ಒಮ್ಮೆ ಊಹೂಂ ಅಂತೀ. ಹೊತ್ತಾತು," ಎಂದು ಗೊಣಗಿದರು. ಅತ್ತೆ ನನ್ನ ತೋಳು ಹಿಡಿದುಕೊಂಡೇ ನಿಂತಿದ್ದರು. ಅವರು ಆ ಹಿರಿಯರ ಕಡೆ ತಿರುಗಿ, "ಸೋಮವಾರ ಆಕೀದು. ಆಕಿ ಹೇಳಿದಂಗ ಆಗ್ಲಿ," ಎಂದರು.

ಅತ್ತೆಗೆ ಇದು ಗೊತ್ತಿತ್ತು ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಹುಲ್ಲು, ಜಮಖಾನ ಎಲ್ಲ ಟೆಂಪೊಗೆ ಹೋಯಿತು. ನನ್ನ ಯಜಮಾನರನ್ನು ಅದರಲ್ಲಿ ಕುರ್ಚಿಯ ಮೇಲೆ ಕೂಡಿಸಿ ಹೂವು ಹಾಕಿದರು. ನಾನು ಅವರ ಪಕ್ಕದಲ್ಲಿ, ಕೆಳಗೆ ಕುಳಿತೆ. ಟೆಂಪೊ ಬಹಳ ನಿಧಾನವಾಗಿ ಹೋಯಿತು. ಧಾರವಾಡ ದಾಟಿದ ಮೇಲೆ ಎರಡೂ ಕಡೆ ಹೊಲ. ತಿರುವು ಬಂದಾಗಲೆಲ್ಲ ಅವರು ಬೀಳದ ಹಾಗೆ ಅವರ ಮೊಣಕಾಲು ಹಿಡಿದುಕೊಳ್ಳುತ್ತಿದ್ದೆ. ಇಡೀ ದಾರಿ ಅವರು ನನ್ನ ಹತ್ತಿರವೇ ಇದ್ದರು. ಹೊಲದಲ್ಲಿ ಆಗಬೇಕಾದದ್ದು ಆಯಿತು. ಅದನ್ನು ನಾನು ಬರೆಯುವುದಿಲ್ಲ.

ಮಂಗಳವಾರ ಮುಂಜಾನೆ ಸಮಾಧಿಗೆ ಹೂವು ಏರಿಸಿ ಬರಬೇಕಿತ್ತು. ಮೈದುನ ಬಾಗಿಲಲ್ಲಿ ನಿಂತು, "ವೈನಿ, ಹೂಡಲ್ರಿ?" ಎಂದು ಕೇಳಿದ.

"ಹೂಡಪಾ," ಎಂದೆ.

ಮಗಳು, ಹಮಾಲರು, ಬಂಧುಗಳು ಹಿಂದೆ ಹತ್ತಿದರು. ಕ್ಯಾಬಿನ್ನಿನಲ್ಲಿ ಅತ್ತೆ ಕಿಟಕಿಯ ಕಡೆ, ನಾನು ನಡುವೆ. ಮೈದುನನಿಗೆ ಆ ಗಾಡಿಯ ಗೇರು ಹೊಂದಲಿಲ್ಲ. ಪ್ರತಿ ಸಲ ಗರಗರ ಎಂದು ಅರಚುತ್ತಿತ್ತು. "ನಿಮ್ಮಣ್ಣ ಹಾಕಿದ್ರ ಬೆಣ್ಯಾಗ ಕೈ ಹಾಕಿದಂಗ ಇರ್ತಿತ್ತು. ನೀ ಏನು ಜ್ವಾಳ ಬೀಸಾಕತ್ತೀಯೇನ?" ಎಂದರು ಅತ್ತೆ. ಹಿಂದಿನಿಂದ ಯಾರೋ ನಕ್ಕರು. ಮೈದುನನೂ ನಕ್ಕ. ನಗುತ್ತಲೇ ತೋಳಿನಿಂದ ಮುಖ ಒರೆಸಿಕೊಂಡ.

ಹೊಲದ ಬದುವಿನವರೆಗೂ ಗಾಡಿ ಹೋಯಿತು. ಹೊಸ ಮಣ್ಣು ಅಲ್ಲಿಂದಲೇ ಕಾಣುತ್ತಿತ್ತು. ಮೈದುನ ಕೀಲಿಗೆ ಕೈ ಹಾಕಿದಾಗ ಅತ್ತೆ, "ಲಗೂ ಬಂದ್ ಮಾಡಬ್ಯಾಡೋ. ಒಂದೀಟು ಇರ್ಲಿ," ಎಂದರು.

ಯಾರೂ ಇಳಿಯಲಿಲ್ಲ. ಇಂಜಿನ್ನು ಕೆಮ್ಮು ಬಿಟ್ಟು ಹದಕ್ಕೆ ಬಂದಿತ್ತು. ನಮ್ಮ ಕಾಲ ಕೆಳಗಿನ ಹಲಗೆ ಬೆಚ್ಚಗಾಗಿ ಸಣ್ಣಗೆ ನಡುಗುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಅತ್ತೆ ತಲೆಯಾಡಿಸಿದರು. ಮೈದುನ ಬಂದ್ ಮಾಡಿದ. ನಾನು ಹೂವಿನ ಬುಟ್ಟಿ ತೆಗೆದುಕೊಂಡು ಇಳಿದೆ.