ಕ್ಯಾಮೆರಾದ ಹಿಂದೆ ನಿಂತ ಮಂಚಯ್ಯ

ಮಂಚಯ್ಯ ನನ್ನ ಓರಗೆಯವನು. ಬೆಳಿಗ್ಗೆ ಊರಿಗೆ ನೀರು ಬಿಡುವ ನೀರುಗಂಟಿ. ನಾಟಕದ ದಿನ ಪರದೆಯ ಪಕ್ಕ ನಿಂತು ಪಾತ್ರಧಾರಿಗಳಿಗೆ ಮಾತು ಹೇಳಿಕೊಡುವ ಪ್ರಾಂಪ್ಟರ್. ಪಾಂಡವಪುರದ ಸುತ್ತಿನಲ್ಲಿ ನಾವು ಮೂವತ್ತು ವರ್ಷದಿಂದ ನಾಟಕ ಆಡುತ್ತಿದ್ದೇವೆ. ನಾವೆಂದರೆ ದುಡ್ಡು ಕೊಟ್ಟು ಪಾತ್ರ ಹಿಡಿಯುವ ರೈತರು, ಡೇರಿಯವರು, ನನ್ನಂಥ ಮೇಷ್ಟ್ರುಗಳು. ಬಣ್ಣ ಹಚ್ಚಿಕೊಂಡ ಮೇಲೆ ನಮ್ಮ ಗತ್ತೇ ಬೇರೆ. ಆದರೆ ಮಂಚಯ್ಯನಿಲ್ಲದಿದ್ದರೆ ನಮ್ಮ ರಾಜ ಸಿಂಹಾಸನದಿಂದ ಯಾವಾಗ ಏಳಬೇಕೆಂದು ತಿಳಿಯದೆ ಕೂತೇ ಇರುತ್ತಾನೆ. ಮಂಚಯ್ಯನ ದನಿ ಪಾತ್ರಧಾರಿಯ ಕಿವಿ ಮುಟ್ಟುತ್ತದೆ, ಮುಂದಿನ ಸಾಲಿನವರಿಗೆ ಕೇಳುವುದಿಲ್ಲ. ಇದೂ ಒಂದು ವಿದ್ಯೆಯೇ. ಇದಕ್ಕೆ ಯಾರಾದರೂ ಹಾರ ಹಾಕಿದ್ದನ್ನು ಮಾತ್ರ ನಾನು ಕಂಡಿಲ್ಲ.

ಹೋದ ವರ್ಷ ಕೃಷ್ಣರಾಜಪೇಟೆಯಲ್ಲಿ ಹೊಸದಾಗಿ ಶುರುವಾದ ಕೇಬಲ್ ಚಾನೆಲ್‌ನವರು, ನಮ್ಮ ಪಾಳೇಗಾರನ ನಾಟಕವನ್ನು ಒಂದು ಭಾನುವಾರ ಮಧ್ಯಾಹ್ನ ಸ್ಟುಡಿಯೋದಿಂದ ನೇರಪ್ರಸಾರ ಮಾಡುತ್ತೇವೆಂದರು. ರಾತ್ರಿಯಿಡೀ ಆಡುವ ನಾಟಕ ಒಂದೇ ಗಂಟೆಗೆ ಇಳಿಯಬೇಕು. ಕತ್ತರಿಸುವ ಕೆಲಸ ಮಂಚಯ್ಯನ ತಲೆಗೆ ಬಂತು. ಒಂದೊಂದು ಹಾಡು ತೆಗೆದಾಗಲೂ ಒಬ್ಬೊಬ್ಬ ಮುನಿಸಿಕೊಂಡ. ನನ್ನ ಮಂತ್ರಿಗೆ ಉಳಿದದ್ದು "ಅಪ್ಪಣೆ ಪ್ರಭು" ಎಂಬ ಎರಡೇ ಪದ. ನಾನೂ ಎರಡು ದಿನ ಅವನೊಡನೆ ಮಾತು ಬಿಟ್ಟೆ.

ತಾಲೀಮಿನ ಕೊನೆಯ ದಿನ ಚಾನೆಲ್‌ನ ರಘುನಂದನ್ ಬಂದು ನೋಡಿದ. "ಅಂಕಲ್, ಸ್ಟುಡಿಯೋದಲ್ಲಿ ಮೈಕು ಸಣ್ಣ ಸದ್ದನ್ನೂ ಹಿಡಿದುಬಿಡುತ್ತೆ. ನೀವು ಮಾತು ಹೇಳ್ಕೊಡಂಗಿಲ್ಲ. ಇವರೇ ಬಾಯಿಪಾಠ ಮಾಡ್ಕೊಳ್ಲಿ," ಎಂದ.

ಪಾಳೇಗಾರನ ಪಾತ್ರ ಮಾಡುವ ಮರಿಸ್ವಾಮಿ, ನಾಲ್ಕು ಹಸು ಕಟ್ಟಿಕೊಂಡ ಸಾಧು, ಬಿಳಿಚಿಕೊಂಡ. "ಮಂಚಣ್ಣ ಇಲ್ದಿದ್ರೆ ನಂಗೆ ನನ್ನೆಸ್ರೂ ಬಾಯಿಗ್ ಬರಲ್ಲ ಕಣಪ್ಪ," ಎಂದ.

ನನ್ನ ಬೈಕಿನಲ್ಲಿ ಹಿಂದೆ ಕೂತ ಮಂಚಯ್ಯ ದಾರಿಯಲ್ಲಿ ನನಗೊಬ್ಬನಿಗೇ ಹೇಳಿದ: "ಮೇಷ್ಟ್ರೇ, ಅವ್ನು ಚೆನ್ನಾಗ್ ಆಡ್ಲಿ ಅಂತ್ಲೂ ಅನ್ಸ್ತದೆ, ಕೆಡ್ಲಿ ಅಂತ್ಲೂ ಅನ್ಸ್ತದೆ. ನಾನಿಲ್ದೆ ಆಡ್ಬುಟ್ರೆ ನಾಳೆಯಿಂದ ನಾನ್ಯಾಕ್ ಬೇಕು ಯೋಳಿ?"

ನಾನು ಬೈಕನ್ನು ಅವನ ಮನೆಯತ್ತ ತಿರುಗಿಸಿದೆ.

ಭಾನುವಾರ ಮೊದಲ ಹತ್ತು ನಿಮಿಷ ಮರಿಸ್ವಾಮಿ ಜೋರಾಗಿಯೇ ಆಡಿದ. ಆಮೇಲೆ ಹುಟ್ಟುಗುಣ ಸುಟ್ಟರೂ ಹೋಗದು ಎಂಬಂತೆ, ಕತ್ತರಿಸಿದ ನಾಟಕ ಬಿಟ್ಟು ರಾತ್ರಿಯಿಡೀ ಆಡುವ ನಾಟಕದ ಮಾತಿಗೆ ಜಾರಿದ. "ಕುದುರೆಯನ್ನು ತನ್ನಿ," ಎಂದು ಗರ್ಜಿಸಿದ. ಕುದುರೆ ತರುವ ಸೇವಕನ ಪಾತ್ರವನ್ನೇ ಮಂಚಯ್ಯ ತೆಗೆದುಹಾಕಿದ್ದ. ನಾನು ಗಾಬರಿಯಲ್ಲಿ "ಅಪ್ಪಣೆ ಪ್ರಭು" ಎಂದು ನಿಂತಲ್ಲೇ ನಿಂತೆ. ಮರಿಸ್ವಾಮಿ ಎಂದಿನಂತೆ ಎಡಕ್ಕೆ ನೋಡಿದ. ಅಲ್ಲಿದ್ದದ್ದು ಗೋಡೆ. ಬೆವರಿಗೆ ಅವನ ಅಂಟಿಸಿದ ಮೀಸೆ ಒಂದು ಕಡೆ ಇಳಿಯತೊಡಗಿತು.

ಬಾಗಿಲಾಚೆ ಟೀವಿಯ ಮುಂದೆ ಕೂತಿದ್ದ ಮಂಚಯ್ಯ ಚಪ್ಪಲಿ ಬಿಟ್ಟು ಒಳಗೆ ಬಂದ. ನಾಟಕ ಕೆಡಲಿ ಎಂದಿದ್ದರೆ ಅಲ್ಲೇ ಕೂತಿರಬಹುದಿತ್ತು. ಕ್ಯಾಮೆರಾದ ಹಿಂದೆ ಹೋಗಿ, ಅದರ ಮೇಲಿಂದ ಮುಖ ತೋರಿಸಿ, ಸದ್ದಿಲ್ಲದೆ ತುಟಿ ಆಡಿಸಿದ. ಕಾಲು ತಟ್ಟಿ ತೋರಿಸಿದ. ಮೂರು ಸಲ ಅದನ್ನೇ ಮಾಡಿದ. ಮರಿಸ್ವಾಮಿಯ ಎದೆ ಸೆಟೆಯಿತು.

"ಕುದುರೆ ಯಾಕೆ? ದೇವರು ಕಾಲು ಕೊಟ್ಟಿದ್ದಾನೆ, ನಡೆದೇ ಹೋಗುತ್ತೇನೆ," ಎಂದ.

ನಮ್ಮ ನಾಟಕದ ಪುಸ್ತಕದಲ್ಲಿ ಎಲ್ಲೂ ಇಲ್ಲದ ಮಾತು ಅದು. ಅಲ್ಲಿಂದ ನೇರ ಯುದ್ಧಕ್ಕೆ ನಡೆದ. ಕೊನೆಯವರೆಗೂ ಮಂಚಯ್ಯನ ತುಟಿಯಿಂದ ಕಣ್ಣು ಕೀಳಲಿಲ್ಲ. ಮಂಗಳ ಹಾಡಿದಾಗ ಇನ್ನೂ ಒಂದು ನಿಮಿಷ ಉಳಿದಿತ್ತು.

ಚಾನೆಲ್‌ನ ಫೋನಿಗೆ ಬಿಡುವೇ ಇಲ್ಲ. ನಾಗಮಂಗಲದವರದೂ ಗಂಜಾಮಿನವರದೂ ಒಂದೇ ಮಾತು: ಪಾಳೇಗಾರ ನಮ್ಮ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿದ. ರಘುನಂದನ್ ಮಂಚಯ್ಯನ ಕೈ ಹಿಡಿದುಕೊಂಡ. "ಅಂಕಲ್, ಮುಂದಿನ ವಾರ ಬೇರೆ ತಂಡ. ಅವರಿಗೂ ನೀವೇ ಬಂದು ಕ್ಯಾಮೆರಾ ಹಿಂದೆ ನಿಂತ್ಕೋಬೇಕು."

"ಬತ್ತೀನಿ. ಪುಸ್ತಕ ಮೊದ್ಲೇ ಕಳ್ಸಿಕೊಡಿ," ಎಂದ ಮಂಚಯ್ಯ. ನನ್ನ ಬೈಕು ಹತ್ತಿದ.

ಮನೆಗೆ ಬಿಟ್ಟಾಗ ಅವನ ಹೆಂಡತಿ ಕುಳ್ಳಮ್ಮ ನನ್ನನ್ನೂ ಕೂರಿಸಿ ಮುದ್ದೆ ಇಟ್ಟಳು. "ಬೀದಿಯೋರೆಲ್ಲ ಮರಿಸ್ವಾಮಣ್ಣ ನಮ್ಮನ್ನೇ ನೋಡ್ದ ಅಂತ ಇಗ್ಗಿ ಕುಣೀತಾವ್ರೆ," ಎಂದಳು.

"ನಿಂಗೇನ್ ಅನ್ನಿಸ್ತು?" ಮಂಚಯ್ಯ ತಟ್ಟೆ ನೋಡುತ್ತ ಕೇಳಿದ.

"ನನ್ನೇನ್ ಕೇಳೀಯೆ? ದೇವ್ರು ಕಾಲು ಕೊಟ್ಟವ್ನೆ, ನಡ್ದೇ ಓಗ್ತೀನಿ ಅನ್ನದು ಪಾಳೇಗಾರನ ಮಾತಾ? ಬಸ್ಸು ತಪ್ಪೋದಾಗ್ಲೆಲ್ಲ ನೀನ್ ಅನ್ನೋ ಮಾತು. ಟೀವೀಲಿ ನಿನ್ ಮಾತು ಬತ್ತಾದೆ ಅಂತ ನಾನೊಬ್ಳೇ ಕೂತು ನಗ್ತಿದ್ದೆ."